ಗಣಿ ಊರಿನ ಎರಡು ಸಂಘಗಳು

ಮಾಲೂರಿನಿಂದ ರೈಲಿನಲ್ಲಿ ಬಂಗಾರಪೇಟೆ, ಅಲ್ಲಿಂದ ಮಾರಿಕುಪ್ಪಂ ಕಡೆಗೆ ಕವಲೊಡೆಯುವ ಹಳಿ. ಕೆಜಿಎಫ್ ಕ್ಲಬ್ಬನ್ನು ನೋಡಲು ನಾನು ಹೋದದ್ದು ಹೀಗೆ. ‘ಪುಟ್ಟ ಇಂಗ್ಲೆಂಡ್’ ಎಂಬ ಮಾತು ಕೇಳಿ ಕೇಳಿ, ಅಲ್ಲಿಗೆ ಬಂದ ಬಿಳಿಯರೆಲ್ಲ ಹುಟ್ಟಾ ದೊರೆಗಳೇ ಎಂದುಕೊಂಡಿದ್ದೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಬಂದವರಲ್ಲಿ ಎಷ್ಟೋ ಜನ ಕಾರ್ನ್‌ವಾಲ್‌ನ ಗಣಿಗಾರರು. 1866ರಲ್ಲಿ ತಾಮ್ರದ ಬೆಲೆ ಬಿದ್ದು ಅವರ ಊರಿನ ಗಣಿಗಳು ಒಂದೊಂದಾಗಿ ಮುಚ್ಚಿದ್ದವು. ಹೊಟ್ಟೆಪಾಡಿಗೆ ಆಸ್ಟ್ರೇಲಿಯ, ಆಫ್ರಿಕ ಎಂದು ಚದುರಿದವರಲ್ಲಿ ಕೆಲವರು ಕೋಲಾರದ ಬಂಡೆಗಳ ನಡುವೆ ಬಂದಿಳಿದರು. ಪರದೇಶದ ಬಿಳಿಯರಿಗೆ ಗಾಲ್ಫ್, ಕ್ರಿಸ್‌ಮಸ್ ಕುಣಿತದ ನೆಪದಲ್ಲಿ ತವರಿನ ಒಂದು ಸಂಜೆ ಸಿಗಲೆಂದೇ ಕ್ಲಬ್ಬು. ಇದು ಹೊಳೆದಾಗ ನನ್ನ ಸಿಟ್ಟು ಸ್ವಲ್ಪ ಇಳಿಯಿತು, ಪೂರ್ತಿ ಅಲ್ಲ.

ಏಕೆಂದರೆ ಊರು ಬಿಟ್ಟು ಬಂದವರು ಅವರೊಬ್ಬರೇ ಅಲ್ಲ. ಉತ್ತರ ಆರ್ಕಾಟಿನಿಂದ ಬಂದ ತಮಿಳು ಕೂಲಿಗಳು, ಅವರಲ್ಲಿ ಬಹುಪಾಲು ದಲಿತರು, ತಟ್ಟಿ ಗುಡಿಸಲಿನ ಲೈನುಗಳಲ್ಲಿದ್ದರು. ಕ್ಲಬ್ಬಿನ ಬಾಗಿಲು ಅವರಿಗಲ್ಲ. ಹಾಗೆಂದು ಅವರು ಸುಮ್ಮನೆ ಕೂರಲಿಲ್ಲ. ಅಯೋತ್ತಿ ದಾಸರು 1898ರಲ್ಲಿ ಮದ್ರಾಸಿನಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘದ ಶಾಖೆ ಇದೇ ಮಾರಿಕುಪ್ಪಂನಲ್ಲಿ ತಲೆಯೆತ್ತಿತು. ಜಾತಿ ಕೇಳದ ಧರ್ಮವೊಂದನ್ನು ಗಣಿ ಕೂಲಿಗಳು ಸಂಘವಾಗಿ ಓದಿ, ಚರ್ಚಿಸಿ ತಮ್ಮದಾಗಿಸಿಕೊಂಡರು. ಮುಳಬಾಗಿಲು, ಶ್ರೀನಿವಾಸಪುರದ ಶಾಲೆಗಳಲ್ಲಿ ಓದಿದ ನಮಗೆ ಚಿನ್ನದ ತೂಕ ಹೇಳಿಕೊಟ್ಟರು, ಇದನ್ನು ಹೇಳಲಿಲ್ಲ.

ಗಣಿ 2001ರಲ್ಲಿ ಮುಚ್ಚಿತು. ನಾನು ಸಂಜೆ ಮರಳುವಾಗ, ಬೆಂಗಳೂರಿನಲ್ಲಿ ಕೆಲಸ ಮುಗಿಸಿದವರು ಬುತ್ತಿಚೀಲ ಹಿಡಿದು ಎದುರು ರೈಲಿನಿಂದ ಇಳಿಯುತ್ತಿದ್ದರು.