ಸ್ಟೇರಿಂಗ್ ಕೆಳಗಿನ ಎರಡು ಲಿವರ್: ನಾಕಿಂಗ್ ಸದ್ದಿನ ನೂರು ವರ್ಷ

ಹಳೇ ಪೆಟ್ರೋಲ್ ಜೀಪು, ಪಿಕಪ್ ಇಟ್ಟುಕೊಂಡವರಿಗೆ ಈ ತೊಂದರೆಗಳು ಹೊಸವಲ್ಲ. ಏರು ಹತ್ತುವಾಗ ಇಂಜಿನ್‌ನಿಂದ ಟಕಟಕ ಸದ್ದು ಬರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಗಾಡಿ ಒಂದು ಕ್ಷಣ ತಡವರಿಸಿ ಆಮೇಲೆ ಎಳೆಯುತ್ತದೆ. ಸೈಲೆನ್ಸರ್‌ನಲ್ಲಿ ಪಟಾಕಿ ಹೊಡೆದ ಹಾಗೆ ಆಗುತ್ತದೆ. ಆಗ ಬಹಳ ಜನ ಮೊದಲು ಬಿಚ್ಚಿಸುವುದು ಕಾರ್ಬುರೇಟರನ್ನೇ. ಹೊಸದು ಹಾಕಿಸಿ ದುಡ್ಡು ಹೋದ ಮೇಲೂ ಸದ್ದು ಹಾಗೇ ಇರುತ್ತದೆ.

ಕಾರಣ ಸರಳ. ಕಿಡಿಯ ಟೈಮಿಂಗ್ ತಪ್ಪಿದರೂ, ಪೆಟ್ರೋಲ್-ಗಾಳಿಯ ಅಳತೆ ತಪ್ಪಿದರೂ ಲಕ್ಷಣ ಹೆಚ್ಚುಕಡಿಮೆ ಒಂದೇ. ನೂರು ವರ್ಷದ ಹಿಂದೆ ದೊಡ್ಡ ಇಂಜಿನಿಯರುಗಳೂ ಇದೇ ಗೊಂದಲದಲ್ಲಿದ್ದರು. ಅದಕ್ಕೆ ಅವರು ಹುಡುಕಿದ ಔಷಧಿಗೆ ಇಡೀ ಜಗತ್ತು ಬೆಲೆ ತೆತ್ತಿತು. ಆ ಕಥೆ ಗೊತ್ತಿದ್ದರೆ ಇವತ್ತಿನ ಗಾಡಿಯ ರೋಗವೂ ಬೇಗ ಸಿಗುತ್ತದೆ ಎಂದು ನಮಗೆ ಅನಿಸಿದ್ದರಿಂದ ಈ ಬರಹ.

ಡ್ರೈವರ್ ಕೈಯಲ್ಲೇ ಟೈಮಿಂಗ್

ಅಮೆರಿಕದ ರೈತರು ಫೋರ್ಡ್ ಮಾಡೆಲ್-ಟಿ ಕಾರಿನ ಹಿಂಭಾಗಕ್ಕೆ ತಾವೇ ಮರದ ಪೆಟ್ಟಿಗೆ ಕೂರಿಸಿ ಸಾಮಾನು ಸಾಗಿಸುತ್ತಿದ್ದರು. ಅದನ್ನು ನೋಡಿದ ಫೋರ್ಡ್ ಕಂಪನಿ 1925ರ ಏಪ್ರಿಲ್‌ನಲ್ಲಿ ತಾನೇ ಪಿಕಪ್ ಬಾಡಿ ಕಟ್ಟಿ ಮಾರಲು ಶುರು ಮಾಡಿತು. ಬೆಲೆ 281 ಡಾಲರ್. ಇಂಜಿನ್ ನಾಲ್ಕು ಸಿಲಿಂಡರಿನದು, 20 ಕುದುರೆ ಶಕ್ತಿ.

ಆ ಗಾಡಿಯ ಸ್ಟೇರಿಂಗ್ ಕೆಳಗೆ ಎರಡು ಲಿವರ್ ಇದ್ದವು. ಬಲಗಡೆಯದು ಥ್ರಾಟಲ್, ಎಡಗಡೆಯದು ಕಿಡಿಯ ಟೈಮಿಂಗ್. ಪೆಟ್ರೋಲಿನ ಅಳತೆ ಹೊಂದಿಸಲು ಡ್ಯಾಶ್‌ಬೋರ್ಡಿನಲ್ಲಿ ಒಂದು ಗುಬಟು.

ಟೈಮಿಂಗ್ ಏಕೆ ಬದಲಿಸಬೇಕು? ಸಿಲಿಂಡರಿನ ಮಿಶ್ರಣ ಉರಿಯಲು ಸ್ವಲ್ಪ ಹೊತ್ತು ಬೇಕು. ಹಾಗಾಗಿ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮುಂಚೆಯೇ ಕಿಡಿ ಬೀಳಬೇಕು. ಇಂಜಿನ್ ವೇಗ ಹೆಚ್ಚಿದಷ್ಟೂ ಕಿಡಿ ಇನ್ನೂ ಮುಂಚೆ ಬೇಕು. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವಾಗ ಎಡಗಡೆ ಲಿವರನ್ನು ಮೇಲೆ ದೂಡಿ ಕಿಡಿಯನ್ನು ತಡ ಮಾಡಬೇಕಿತ್ತು. ಮರೆತರೆ ಇಂಜಿನ್ ಹಿಂದಕ್ಕೆ ಒದ್ದು ಹ್ಯಾಂಡಲ್ ಹಿಡಿದವನ ಕೈ ಮುರಿಯುತ್ತಿತ್ತು.

ಅಪಾಯ ಇದ್ದರೂ ಇದರಲ್ಲಿ ಒಂದು ಅನುಕೂಲವಿತ್ತು. ಸದ್ದು ಬಂದರೆ ಡ್ರೈವರ್ ಲಿವರನ್ನು ಸ್ವಲ್ಪ ಸರಿಸಿ ನೋಡುತ್ತಿದ್ದ. ಸದ್ದು ನಿಂತರೆ ಟೈಮಿಂಗ್ ಜಾಸ್ತಿಯಾಗಿತ್ತು ಎಂದರ್ಥ. ನಿಲ್ಲದಿದ್ದರೆ ಪೆಟ್ರೋಲ್ ಗುಬಟು ತಿರುಗಿಸುತ್ತಿದ್ದ. ಯಾವ ಬದಲಾವಣೆಯಿಂದ ಏನಾಯಿತು ಎನ್ನುವುದು ಅವನ ಕಿವಿಗೇ ತಿಳಿಯುತ್ತಿತ್ತು.

ತಪ್ಪು ಯಾರದು?

1910ರ ಹೊತ್ತಿಗೆ ಚಾರ್ಲ್ಸ್ ಕೆಟರಿಂಗ್ ಎಂಬ ಇಂಜಿನಿಯರ್ ಬ್ಯಾಟರಿ, ಕಾಯಿಲ್, ಪಾಯಿಂಟ್ ಇರುವ ಇಗ್ನಿಷನ್ ರೂಪಿಸಿದ. ನಮ್ಮ ಹಳೇ ಜೀಪುಗಳಲ್ಲಿರುವುದೂ ಅದೇ ಪದ್ಧತಿ. ಮುಂದೆ ಟೈಮಿಂಗ್ ಬದಲಿಸುವ ಕೆಲಸವನ್ನು ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ತೂಕಗಳು ವಹಿಸಿಕೊಂಡವು. ಲಿವರ್ ಮಾಯವಾಯಿತು. ಡ್ರೈವರ್‌ಗೆ ಗೊತ್ತಿದ್ದ ವಿದ್ಯೆ ಮೆಕ್ಯಾನಿಕ್ ಕೈಗೆ ಹೋಯಿತು.

ಆದರೆ ಇಂಜಿನ್ ಶಕ್ತಿ ಹೆಚ್ಚಿಸಲು ಹೋದಂತೆ ನಾಕಿಂಗ್ ಸದ್ದೂ ಹೆಚ್ಚಿತು. ಜನ ಕೆಟರಿಂಗನ ಇಗ್ನಿಷನ್ನೇ ಇದಕ್ಕೆ ಕಾರಣ ಎಂದು ದೂರಿದರು. ಆತ ಥಾಮಸ್ ಮಿಡ್‌ಗ್ಲಿ ಎಂಬ ಸಹಾಯಕನನ್ನು ಹುಡುಕಾಟಕ್ಕೆ ಹಚ್ಚಿದ. ಪರೀಕ್ಷೆಯಲ್ಲಿ ತಿಳಿದಿದ್ದು ಬೇರೆಯೇ: ಕಿಡಿ ಸರಿಯಾಗಿ ಬಿದ್ದ ಮೇಲೆ, ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಒಮ್ಮೆಲೇ ಉರಿದು ಬಡಿಯುತ್ತಿತ್ತು. ಅಂದರೆ ಕೊರತೆ ಇದ್ದದ್ದು ಪೆಟ್ರೋಲಿನ ಗುಣದಲ್ಲಿ.

ಪೆಟ್ರೋಲಿಗೆ ಆಲ್ಕೋಹಾಲ್ ಬೆರೆಸಿದರೆ ನಾಕಿಂಗ್ ತಗ್ಗುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು. ಆದರೆ ಅದನ್ನು ಬಹಳ ಬೆರೆಸಬೇಕು, ಬೆಳೆಯಿಂದ ಯಾರು ಬೇಕಾದರೂ ತಯಾರಿಸಬಹುದು. 1921ರ ಡಿಸೆಂಬರ್‌ನಲ್ಲಿ ಮಿಡ್‌ಗ್ಲಿಗೆ ಸೀಸದ ಒಂದು ಸಂಯುಕ್ತ ಸಿಕ್ಕಿತು. ಒಂದು ಗ್ಯಾಲನ್‌ಗೆ ಟೀ ಚಮಚಕ್ಕಿಂತ ಕಡಿಮೆ ಸಾಕು, ಮಾರುವ ಹಕ್ಕೂ ಕಂಪನಿಯ ಕೈಯಲ್ಲೇ. 1923ರಲ್ಲಿ ಮಾರಾಟ ಶುರುವಾಯಿತು. ಅದಕ್ಕೆ ಇಟ್ಟ ಹೆಸರು 'ಈಥೈಲ್'. ಹೆಸರಿನಲ್ಲಿ ಸೀಸದ ಸುಳಿವೇ ಇರಲಿಲ್ಲ.

ಸೀಸ ವಿಷ. ಮಿಡ್‌ಗ್ಲಿಯೇ ಅದರಿಂದ ಕಾಯಿಲೆ ಬಿದ್ದ. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಕಾರ್ಖಾನೆಯಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಸತ್ತರು. ಆದರೂ ಮಾರಾಟ ಮುಂದುವರಿಯಿತು. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತಿದ್ದು 2000ದಲ್ಲಿ. ಜಗತ್ತಿನ ಕೊನೆಯ ಬಂಕಿನಲ್ಲಿ, ಆಲ್ಜೀರಿಯಾದಲ್ಲಿ, ನಿಂತಿದ್ದು 2021ರಲ್ಲಿ. ಅಲ್ಲಿಯವರೆಗೆ ಪೆಟ್ರೋಲಿನಲ್ಲೇ ಕೈ ತೊಳೆದು, ಪೈಪಿಗೆ ಬಾಯಿ ಹಚ್ಚಿ ಪೆಟ್ರೋಲ್ ಎಳೆದ ಮೆಕ್ಯಾನಿಕ್‌ಗಳು, ಹೊಗೆ ಕುಡಿದ ರಸ್ತೆ ಬದಿಯ ಮಕ್ಕಳು ಎಷ್ಟೋ.

ಮತ್ತೆ ಆಲ್ಕೋಹಾಲ್

2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಪ್ರಧಾನಿ 'ಇ-20' ಪೆಟ್ರೋಲ್ ಬಿಡುಗಡೆ ಮಾಡಿದರು. ಅದರಲ್ಲಿ 20 ಭಾಗ ಎಥನಾಲ್, ಅಂದರೆ ಆಲ್ಕೋಹಾಲ್. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿನಿಂದ ಬರುವ ಸರಕೇ. ನೂರು ವರ್ಷದ ಹಿಂದೆ ಪಕ್ಕಕ್ಕಿಟ್ಟ ದಾರಿಗೇ ಈಗ ಬಂದಿದ್ದೇವೆ.

ಹಳೇ ಗಾಡಿಗೆ ಇದರಿಂದ ಒಂದು ಹೊಸ ಗೊಂದಲ ಇದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಕಿಲೋ ಸಾಕು. ಬರೀ ಪೆಟ್ರೋಲಿಗೆ ಅಂತ ಜೆಟ್ ಇಟ್ಟ ಹಳೇ ಕಾರ್ಬುರೇಟರ್ ಅಳತೆ ಬದಲಿಸುವುದಿಲ್ಲ, ಹಾಗಾಗಿ ಗಾಳಿ ಜಾಸ್ತಿ ಆಗುತ್ತದೆ. ಗಾಡಿ ತಡವರಿಸುತ್ತದೆ, ಬಿಸಿಯಾಗುತ್ತದೆ. ಎಥನಾಲ್ ಹಳೇ ರಬ್ಬರನ್ನೂ ಕೆಡಿಸುತ್ತದೆ, ಟ್ಯಾಂಕಿನ ಕೊಳೆಯನ್ನು ಬಿಡಿಸಿ ಜೆಟ್‌ಗೆ ತಂದು ಕೂರಿಸುತ್ತದೆ.

ಹುಡುಕುವ ಕ್ರಮ

ಕಿಡಿ ಮೊದಲು, ಕಾರ್ಬುರೇಟರ್ ಆಮೇಲೆ. ಕಿಡಿ ಸರಿಯಿಲ್ಲದೆ ಕಾರ್ಬುರೇಟರ್ ಹೊಂದಿಸಿದರೆ ಅದು ನಿಲ್ಲುವುದಿಲ್ಲ.

1. ಪ್ಲಗ್ ಬಿಚ್ಚಿ ನೋಡಿ. ಬಿಸ್ಕತ್ತು ಬಣ್ಣ ಇದ್ದರೆ ಒಳ್ಳೆಯದು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗಿದ್ದರೆ ಗಾಳಿ ಜಾಸ್ತಿ ಅಥವಾ ಬಿಸಿ ಜಾಸ್ತಿ.

2. ಪಾಯಿಂಟ್ ಗ್ಯಾಪ್ ನೋಡಿ. ಹಳೇ ಜೀಪಿನ ಹರಿಕೇನ್ ಇಂಜಿನ್‌ಗೆ ಸುಮಾರು 0.5 ಮಿ.ಮೀ. ಪಾಯಿಂಟಿನ ಹಿಮ್ಮಡಿ ಸವೆದರೆ ಗ್ಯಾಪ್ ಕಡಿಮೆಯಾಗಿ ಕಿಡಿ ತಡವಾಗುತ್ತದೆ.

3. ಟೈಮಿಂಗ್ ನೋಡಿ. ಅದೇ ಇಂಜಿನ್‌ಗೆ ತುದಿಗಿಂತ 5 ಡಿಗ್ರಿ ಮುಂಚೆ, ಕಿಡಿಯ ಸರದಿ 1-3-4-2. ಪಾಯಿಂಟ್‌ಗೆ ಹೋಗುವ ವೈರಿಗೂ ಬಾಡಿಗೂ ನಡುವೆ ಒಂದು ಬಲ್ಬ್ ಕಟ್ಟಿ, ಕೀ ಆನ್ ಮಾಡಿ, ಇಂಜಿನ್ನನ್ನು ಕೈಯಲ್ಲಿ ನಿಧಾನ ತಿರುಗಿಸಿ. ಗುರುತಿಗೆ ಬಂದಾಗ ಬಲ್ಬ್ ಹತ್ತಬೇಕು.

4. ಏರಿನಲ್ಲಿ ಟಕಟಕ ಸದ್ದಿದ್ದರೆ ಟೈಮಿಂಗ್ ಸ್ವಲ್ಪ ತಗ್ಗಿಸಿ. ಎಳೆತ ಇಲ್ಲದೆ ಬಿಸಿಯೂ ಆಗುತ್ತಿದ್ದರೆ ಕಿಡಿ ತಡವಾಗಿರಬಹುದು.

5. ಇಷ್ಟೆಲ್ಲ ಸರಿಯಿದ್ದರೆ ಓಡುವ ಇಂಜಿನ್‌ಗೆ ಚೋಕ್ ಸ್ವಲ್ಪ ಎಳೆಯಿರಿ. ಚೇತರಿಸಿಕೊಂಡರೆ ಪೆಟ್ರೋಲ್ ಸಾಲುತ್ತಿಲ್ಲ: ಜೆಟ್ ಕಟ್ಟಿದೆ, ಗ್ಯಾಸ್ಕೆಟ್‌ನಲ್ಲಿ ಗಾಳಿ ಎಳೆಯುತ್ತಿದೆ, ಇಲ್ಲವೇ ಎಥನಾಲ್ ಪರಿಣಾಮ. ಇನ್ನೂ ಕೆಟ್ಟರೆ ಪೆಟ್ರೋಲ್ ಜಾಸ್ತಿ: ಫ್ಲೋಟ್ ನೋಡಿಸಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಓಡಿಸಿ ನೋಡಿ. ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಯಾಯಿತು ಎನ್ನುವುದೇ ಗೊತ್ತಾಗುವುದಿಲ್ಲ. ಮತ್ತೆ ಪೆಟ್ರೋಲಿಗೆ ಬಾಯಿ ಹಚ್ಚಬೇಡಿ. ಸೀಸ ಹೋಗಿದೆ ನಿಜ, ಪೆಟ್ರೋಲ್ ಇನ್ನೂ ವಿಷವೇ.