ಮಾಲಿನ್ಯದ ಜೈವಿಕ ಸೂಚಕಗಳ ಮೇಲೆ ವಂಶವಾಹಿ ಭಿನ್ನತೆಯ ಪ್ರಭಾವ

ಡಿಎನ್‌ಎಗೆ ಹಾನಿ ಮಾಡುವ ಮಾಲಿನ್ಯಕಾರಕವು ವ್ಯಕ್ತಿಯ ದೇಹವನ್ನು ಎಷ್ಟು ಸೇರಿದೆ ಎಂಬುದನ್ನು ರಕ್ತ ಅಥವಾ ಮೂತ್ರದಲ್ಲಿ ದೊರೆಯುವ ಕೆಲವು ವಸ್ತುಗಳಿಂದ ಅಂದಾಜು ಮಾಡಲಾಗುತ್ತದೆ. ಇವುಗಳನ್ನು ಜೈವಿಕ ಸೂಚಕಗಳು ಎನ್ನುತ್ತಾರೆ. ಒಂದೇ ಗಾಳಿಯನ್ನು ಉಸಿರಾಡಿದ ಇಬ್ಬರಲ್ಲಿ ಸೂಚಕದ ಮಟ್ಟವು ಒಂದೇ ಆಗಿರಬೇಕೆಂದಿಲ್ಲ. ಮಾಲಿನ್ಯಕಾರಕವನ್ನು ರೂಪಾಂತರಿಸುವ ಕಿಣ್ವಗಳ ವಂಶವಾಹಿಗಳು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಈ ಭಿನ್ನತೆಗೆ ಬಹುರೂಪತೆ ಎಂದು ಹೆಸರು. ಈ ದೃಷ್ಟಿಯಿಂದ ಹೆಚ್ಚು ಅಧ್ಯಯನಕ್ಕೆ ಒಳಗಾದ ರಾಸಾಯನಿಕಗಳಲ್ಲಿ ಬೆಂಜೀನ್ ಒಂದು.

== ಬೆಂಜೀನ್‌ನ ಚಯಾಪಚಯ ==

ಬೆಂಜೀನ್ ಪೆಟ್ರೋಲ್‌ನಲ್ಲಿಯೂ ಸಿಗರೇಟಿನ ಹೊಗೆಯಲ್ಲಿಯೂ ಕೆಲವು ಅಂಟು ಮತ್ತು ದ್ರಾವಕಗಳಲ್ಲಿಯೂ ಇರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ 1ನೇ ಗುಂಪಿನಲ್ಲಿ ಇರಿಸಿದೆ. ಹಾನಿಗೆ ಕಾರಣವಾಗುವುದು ಮುಖ್ಯವಾಗಿ ಬೆಂಜೀನ್ ಅಲ್ಲ, ದೇಹವು ಅದರಿಂದ ತಯಾರಿಸುವ ವಸ್ತುಗಳು. ಯಕೃತ್ತಿನಲ್ಲಿ ಸಿವೈಪಿ2ಇ1 ಎಂಬ ಕಿಣ್ವವು ಅದನ್ನು ಬೆಂಜೀನ್ ಆಕ್ಸೈಡ್ ಆಗಿ ಬದಲಾಯಿಸುತ್ತದೆ. ಮುಂದಿನ ದಾರಿಗಳು ಹಲವು. ಬಹುಪಾಲು ಫೀನಾಲ್ ಆಗಿ, ಅದರಲ್ಲಿ ಒಂದು ಭಾಗ ಹೈಡ್ರೋಕ್ವಿನೋನ್ ಆಗಿ ಅಸ್ಥಿಮಜ್ಜೆಯನ್ನು ತಲುಪುತ್ತದೆ; ಅಲ್ಲಿ ಅದು ವಿಷಕಾರಿ ಬೆಂಜೋಕ್ವಿನೋನ್ ಆಗುತ್ತದೆ. ಇನ್ನೊಂದು ಭಾಗದಲ್ಲಿ ಬೆಂಜೀನ್‌ನ ಉಂಗುರವೇ ತೆರೆದು ಮ್ಯೂಕೋನಿಕ್ ಆಮ್ಲವಾಗುತ್ತದೆ. ಬಹಳ ಚಿಕ್ಕದೊಂದು ಪಾಲು ಗ್ಲುಟಾಥಯೋನ್‌ನೊಂದಿಗೆ ಸೇರಿ, ಫೀನೈಲ್‌ಮರ್ಕ್ಯಾಪ್ಟ್ಯೂರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಹೋಗುತ್ತದೆ.

ಪ್ರಮಾಣದಲ್ಲಿ ಅಲ್ಪವಾದರೂ ಈ ಕೊನೆಯ ವಸ್ತುವೇ ಬೆಂಜೀನ್‌ಗೆ ಹೆಚ್ಚು ನಂಬಿಕೆಯ ಸೂಚಕವೆಂದು ಪರಿಗಣಿತವಾಗಿದೆ. ಮ್ಯೂಕೋನಿಕ್ ಆಮ್ಲವು ಆಹಾರ ಕೆಡದಂತೆ ಬೆರೆಸುವ ಸಾರ್ಬಿಕ್ ಆಮ್ಲದಿಂದಲೂ ಉಂಟಾಗುವುದರಿಂದ, ಕಡಿಮೆ ಮಟ್ಟದ ಮಾಲಿನ್ಯವನ್ನು ಅಳೆಯಲು ಅದು ಅಷ್ಟಾಗಿ ಒದಗುವುದಿಲ್ಲ.

== ಇಲ್ಲದ ವಂಶವಾಹಿ ==

ಗ್ಲುಟಾಥಯೋನ್‌ನೊಂದಿಗಿನ ಜೋಡಣೆಯನ್ನು ನಡೆಸುವ ಕಿಣ್ವಗಳಲ್ಲಿ ಜಿಎಸ್‌ಟಿಟಿ1 ಮುಖ್ಯವಾದುದು. ಇದರ ವಂಶವಾಹಿಯು 22ನೇ ವರ್ಣತಂತುವಿನಲ್ಲಿದೆ. ಯುರೋಪ್ ಮೂಲದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ಚೀನೀಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇದರ ಎರಡೂ ಪ್ರತಿಗಳು ಇರುವುದಿಲ್ಲ. ಇವರು ಆರೋಗ್ಯವಂತರೇ, ಕೊರತೆಯು ಹೊರಗೆ ಕಾಣುವುದಿಲ್ಲ. ಆದರೆ ಅಷ್ಟೇ ಬೆಂಜೀನ್ ಸೇವಿಸಿದರೂ ಇವರ ಮೂತ್ರದಲ್ಲಿ ಫೀನೈಲ್‌ಮರ್ಕ್ಯಾಪ್ಟ್ಯೂರಿಕ್ ಆಮ್ಲವು ಇತರರಿಗಿಂತ ಕಡಿಮೆ ದೊರೆಯುತ್ತದೆ. ಅಂದರೆ ಪರೀಕ್ಷೆಯ ಅಂಕಿಯು ಕೆಲಸಗಾರನು ಉಸಿರಾಡಿದ ಬೆಂಜೀನ್‌ಅನ್ನು ಕಡಿಮೆ ಮಾಡಿ ತೋರಿಸುತ್ತದೆ. ಕಡಿಮೆ ಅಂಕಿಯನ್ನು ಕಡಿಮೆ ಅಪಾಯವೆಂದು ಓದುವುದು ಇಲ್ಲಿ ತಪ್ಪು: ವಿಷವನ್ನು ಹೊರಹಾಕುವ ದಾರಿಯೊಂದು ಕಿರಿದಾಗಿದೆ ಎಂಬುದೇ ಆ ಅಂಕಿಯ ಅರ್ಥವಿರಬಹುದು.

ಇದೇ ಕೊರತೆಯು ಬೇರೊಂದು ಸೂಚಕವನ್ನು ಏರಿಸುತ್ತದೆ. ವೈದ್ಯಕೀಯ ಉಪಕರಣಗಳನ್ನು ಕ್ರಿಮಿಶುದ್ಧಗೊಳಿಸಲು ಬಳಸುವ ಎಥಿಲೀನ್ ಆಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಸಿಗರೇಟಿನ ಹೊಗೆಯಿಂದಲೂ ಇದು ಆಗುತ್ತದೆ. ಜಿಎಸ್‌ಟಿಟಿ1 ಕಿಣ್ವವು ಕೆಂಪು ರಕ್ತಕಣಗಳಲ್ಲಿಯೇ ಇದ್ದು ಈ ಅನಿಲವನ್ನು ನಿರ್ವಿಷಗೊಳಿಸುತ್ತದೆ. ಕಿಣ್ವವಿಲ್ಲದ ಧೂಮಪಾನಿಗಳಲ್ಲಿ ಹೀಗೆ ಅಂಟಿದ ಅಂಶವು ಹೆಚ್ಚಿರುತ್ತದೆ. ಸೂಚಕವು ನಿರ್ವಿಷಗೊಂಡ ವಸ್ತುವೇ, ಹಾನಿಯ ಗುರುತೇ ಎಂಬುದನ್ನು ತಿಳಿಯದೆ ಏರಿಳಿತಕ್ಕೆ ಅರ್ಥ ಹೇಳಲಾಗದು.

== ಕಾರ್ಮಿಕರಲ್ಲಿ ನಡೆದ ಅಧ್ಯಯನಗಳು ==

ಶಾಂಘೈನ ಕಾರ್ಮಿಕರನ್ನು ಕುರಿತು 1997ರಲ್ಲಿ ಪ್ರಕಟವಾದ ಅಧ್ಯಯನವು ಎರಡು ಕಿಣ್ವಗಳನ್ನು ಒಟ್ಟಿಗೆ ನೋಡಿತು. ಸಿವೈಪಿ2ಇ1 ಚುರುಕಾಗಿದ್ದು, ಬೆಂಜೋಕ್ವಿನೋನ್‌ಅನ್ನು ಮರಳಿ ಹೈಡ್ರೋಕ್ವಿನೋನ್ ಮಾಡುವ ಎನ್‌ಕ್ಯೂಒ1 ನಿಷ್ಕ್ರಿಯವಾಗಿದ್ದವರಲ್ಲಿ, ಎರಡೂ ಲಕ್ಷಣಗಳಿಲ್ಲದವರಿಗೆ ಹೋಲಿಸಿದರೆ ಬೆಂಜೀನ್ ವಿಷಬಾಧೆಯ ಅಪಾಯವು 7.6 ಪಟ್ಟು ಇತ್ತು. ತಿಯಾನ್‌ಜಿನ್‌ನ ಪಾದರಕ್ಷೆ ಕಾರ್ಖಾನೆಗಳ 250 ಕಾರ್ಮಿಕರನ್ನು ಬೆಂಜೀನ್ ಸಂಪರ್ಕವಿಲ್ಲದ 140 ಮಂದಿಯೊಂದಿಗೆ ಹೋಲಿಸಿದ 2004ರ ಅಧ್ಯಯನದಲ್ಲಿ, ಗಾಳಿಯಲ್ಲಿ ಬೆಂಜೀನ್ 1 ಪಿಪಿಎಂಗಿಂತ ಕಡಿಮೆ ಇದ್ದಾಗಲೂ ಬಿಳಿ ರಕ್ತಕಣಗಳು ಇಳಿದಿದ್ದವು. ಅಮೆರಿಕದಲ್ಲಿ ಆಗ ಕಾನೂನು ಅನುಮತಿಸಿದ್ದ ಮಿತಿಯೇ 1 ಪಿಪಿಎಂ.

== ಬಳಕೆ ಮತ್ತು ವಿವಾದ ==

ಫೀನೈಲ್‌ಮರ್ಕ್ಯಾಪ್ಟ್ಯೂರಿಕ್ ಆಮ್ಲವು ಸುಮಾರು 9 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುವುದರಿಂದ ಮೂತ್ರದ ಮಾದರಿಯನ್ನು ಪಾಳಿ ಮುಗಿದ ಕೂಡಲೇ ಸಂಗ್ರಹಿಸುತ್ತಾರೆ. ಗುಂಪಿನ ಸರಾಸರಿಯನ್ನು ಅರಿಯಲು ವಂಶವಾಹಿ ಪರೀಕ್ಷೆ ಅಷ್ಟು ಅಗತ್ಯವಲ್ಲ. ಒಬ್ಬ ವ್ಯಕ್ತಿಯ ಅಂಕಿಯನ್ನು ವಿವರಿಸುವಾಗ ಅದರ ಮಹತ್ವ ಹೆಚ್ಚು. ಆದರೆ ಅದೇ ಮಾಹಿತಿಯಿಂದ, ಕಾರ್ಖಾನೆಯ ಗಾಳಿಯನ್ನು ಶುದ್ಧಗೊಳಿಸುವ ಬದಲು ಸೂಕ್ಷ್ಮ ದೇಹದವರನ್ನು ಕೆಲಸದಿಂದ ದೂರವಿಡುವ ಸಾಧ್ಯತೆಯೂ ಇದೆ. ವಂಶವಾಹಿ ಮಾಹಿತಿಯ ಆಧಾರದಲ್ಲಿ ಉದ್ಯೋಗ ನಿರಾಕರಿಸುವುದನ್ನು ಅಮೆರಿಕವು 2008ರ ಕಾಯ್ದೆಯೊಂದರ ಮೂಲಕ ನಿಷೇಧಿಸಿದೆ.