ಎಲೆಯ ಹೇರು, ಅರಸನ ದತ್ತಿ

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ದೇವಾಲಯದ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಅವಳು ಬರೆಯುತ್ತಿರುವುದು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಪ್ರಶಸ್ತಿ. ಇದೇ ತಾಲ್ಲೂಕಿನ ಹುಡಗಿಯೂ ನೆರೆಯ ಬಸವಕಲ್ಯಾಣವೂ ಆ ಅರಸನ ರಾಜಧಾನಿಯ ಸೀಮೆಗೆ ಸೇರಿದವು. ಇಂದು ಈ ಸೀಮೆಯಲ್ಲಿ ತೋಟಗಾರಿಕೆ ಎಂದೊಡನೆ ಕೇಳಿಬರುವ ಮಾತು ಸಹಾಯಧನ. ಚಾಲುಕ್ಯರ ಕಾಲದಲ್ಲಿಯೂ ತೋಟದ ಬೆಳೆಗೂ ರಾಜದತ್ತಿಗೂ ನಿಕಟ ಸಂಬಂಧವಿತ್ತು. ಆದರೆ ಆಗ ಹಣ ಹರಿಯುತ್ತಿದ್ದ ದಿಕ್ಕು ಬೇರೆ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ದೊರೆಯುವುದು ಶಾಸನಗಳಿಗಿಂತ ಮೊದಲು ಒಂದು ಧರ್ಮಶಾಸ್ತ್ರ ಗ್ರಂಥದಲ್ಲಿ. ವಿಕ್ರಮಾದಿತ್ಯನ ಆಳಿಕೆಯಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದನು. ಅರಸನು ಭೂಮಿಯನ್ನಾಗಲಿ ‘ನಿಬಂಧ’ವನ್ನಾಗಲಿ ಕೊಟ್ಟಾಗ ಮುಂದಿನ ಅರಸರ ತಿಳಿವಳಿಕೆಗಾಗಿ ಅದನ್ನು ಬರೆಯಿಸಬೇಕೆಂಬುದು ಸ್ಮೃತಿಯ ವಿಧಿ. ನಿಬಂಧವೆಂದರೇನು? ಸರಕಿನ ಒಂದು ಹೇರಿಗೆ ಇಷ್ಟು ನಾಣ್ಯ, ಎಲೆಯ ಒಂದು ಹೇರಿಗೆ ಇಷ್ಟು ಎಲೆ ಎಂದು ವಿಜ್ಞಾನೇಶ್ವರನು ಉದಾಹರಿಸುತ್ತಾನೆ. ದಾಯಭಾಗದ ಪ್ರಕರಣದಲ್ಲಿ ಇದೇ ಮಾತು ಮತ್ತೆ ಬಂದಾಗ ಎಲೆಯ ಜೊತೆಗೆ ಅಡಕೆಯ ಹೇರನ್ನೂ ಸೇರಿಸುತ್ತಾನೆ. ಇಂತಹ ದತ್ತಿ ನೀಡುವ ಅಧಿಕಾರ ಅರಸನದೇ ಹೊರತು ಪ್ರಾಂತದ ಅಧಿಕಾರಿಯದಲ್ಲ ಎಂದೂ ಸ್ಪಷ್ಟಪಡಿಸುತ್ತಾನೆ. ಜೋಳವನ್ನೋ ತೊಗರಿಯನ್ನೋ ಹೇಳದೆ ಎಲೆ-ಅಡಕೆಗಳನ್ನು ಆರಿಸಿಕೊಂಡುದು ಆಕಸ್ಮಿಕವಲ್ಲ. ರಾಜಧಾನಿಯ ಪೇಟೆಗೆ ಹೇರುಹೇರಾಗಿ ಬಂದು ಕೈಯಿಂದ ಕೈಗೆ ಹಣವಾಗುತ್ತಿದ್ದ ಸರಕು ಅದು. 1129ರ ‘ಮಾನಸೋಲ್ಲಾಸ’ದಲ್ಲಿ ಮೂರನೆಯ ಸೋಮೇಶ್ವರನು ತಾಂಬೂಲವನ್ನು ರಾಜಭೋಗಗಳಲ್ಲಿ ಒಂದಾಗಿ ವರ್ಣಿಸಿರುವುದನ್ನು ಇದರೊಡನೆ ಇಟ್ಟು ನೋಡಬೇಕು.

ಅಂದರೆ ದತ್ತಿಯು ಬೆಳೆಗಾರನಿಗೆ ಸಲ್ಲುತ್ತಿರಲಿಲ್ಲ. ಬೆಳೆಯಿಂದ ಹುಟ್ಟಿ ಬೇರೊಬ್ಬರಿಗೆ ಸಲ್ಲುತ್ತಿತ್ತು.

ಶಾಸನಗಳು ಇದನ್ನೇ ಇನ್ನಷ್ಟು ವಿವರವಾಗಿ ಹೇಳುತ್ತವೆ. ಬಸದಿಗೆ ಬಿಟ್ಟ ದತ್ತಿಗಳಲ್ಲಿ ಮತ್ತರ ಲೆಕ್ಕದ ಕೆಯ್ಯ ಜೊತೆಗೆ ತೋಂಟ, ಗಾಣ, ಅಂಗಡಿಗಳು ಸೇರಿರುವುದು ಸಾಮಾನ್ಯ. ಜಿನಪೂಜೆಯ ಅಷ್ಟವಿಧಾರ್ಚನೆಗೆ ಜಲ, ಗಂಧ, ಅಕ್ಷತೆ, ಪುಷ್ಪ, ಚರು, ದೀಪ, ಧೂಪ, ಫಲಗಳು ಬೇಕು. ಹೂವೂ ಹಣ್ಣೂ ದಿನದಿನವೂ ಹೊಸದಾಗಿಯೇ ಬರಬೇಕಾದುದರಿಂದ ಬಸದಿಗೆ ತೋಟವು ಅಲಂಕಾರವಲ್ಲ, ಅಗತ್ಯ. ಹೀಗೆ ಕೊಟ್ಟ ಭೂಮಿ ಸರ್ವನಮಸ್ಯವಾಗಿ, ಸರ್ವಬಾಧಾಪರಿಹಾರವಾಗಿ ಇರುತ್ತಿತ್ತು. ಅರಸನು ತನಗೆ ಬರಬೇಕಾದ ತೆರಿಗೆಯನ್ನು ಬಿಟ್ಟುಕೊಡುತ್ತಿದ್ದನು. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆಗಳ ಹುಟ್ಟುವಳಿಯಲ್ಲಿಯೂ ಪಾಲು ಸಲ್ಲುತ್ತಿತ್ತು. (ಪನ್ನಾಯವೆಂಬುದು ಎಲೆಯ ಮೇಲಿನ ತೆರಿಗೆಯೆಂದು ಅರ್ಥೈಸಿದವರಿದ್ದಾರೆ, ಒಪ್ಪದವರೂ ಇದ್ದಾರೆ.) ದಾನಿ, ದಾನ ಪಡೆದ ಆಚಾರ್ಯ, ಅವನ ಗಣ-ಗಚ್ಛ, ಸಾಕ್ಷಿಗಳಾದ ನಖರರು, ಎಲ್ಲರಿಗೂ ಶಾಸನದಲ್ಲಿ ಸ್ಥಾನವುಂಟು. ಎಲ್ಲೆ ಹೇಳುವ ಸಾಲುಗಳಲ್ಲಿ ಹಳ್ಳ, ಹೆದ್ದಾರಿ, ನಟ್ಟ ಕಲ್ಲುಗಳಿಗೂ ಸ್ಥಾನವುಂಟು. ಬಾವಿಗೆ ಏತ ಹೂಡಿ ಬಳ್ಳಿಗೆ ನೀರೆರೆದವನ ಹೆಸರು ಮಾತ್ರ ಅಪರೂಪ.

ತೋಟಗಾರಿಕೆಯ ಅರಿವಿಗೆ ಈ ರಾಜ್ಯದಲ್ಲಿ ಕೊರತೆಯಿರಲಿಲ್ಲ. ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ (ಸು. 1025) ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲು. ಈತನನ್ನು ಶ್ರವಣಬೆಳಗೊಳದ ಚಾವುಂಡರಾಯನೆಂದು ತಿಳಿಯುವ ತಪ್ಪು ವಿದ್ಯಾರ್ಥಿಗಳಲ್ಲಿ ಇಂದಿಗೂ ಕಾಣುತ್ತದೆ, ಇಬ್ಬರೂ ಬೇರೆ. ಬೆಳೆಗಾರನಿಗೆ ನೇರವಾಗಿ ನೆರವಾಗುವ ಕಲ್ಪನೆಯೂ ಹಳೆಯದೇ. ಹೊಸದಾಗಿ ಕೆರೆ-ಕಟ್ಟೆ ಕಟ್ಟಿದವನಿಗೆ ಐದು ವರ್ಷ, ಪಾಳುಬಿದ್ದುದನ್ನು ಸರಿಪಡಿಸಿದವನಿಗೆ ನಾಲ್ಕು ವರ್ಷ ತೆರಿಗೆ ಬಿಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸಿತ್ತು. ಗಿಡ ನೆಟ್ಟಂದಿನಿಂದ ಫಲ ಕೈಗೆ ಬರುವವರೆಗಿನ ಬರಿಗೈ ವರ್ಷಗಳೇ ತೋಟದವನ ನಿಜವಾದ ಕಷ್ಟ.

ಆ ವರ್ಷಗಳನ್ನು ಗಣನೆಗೆ ತಂದುಕೊಂಡಿರುವುದು ಇತ್ತೀಚಿನ ಯೋಜನೆಗಳ ಹೆಚ್ಚುಗಾರಿಕೆ. 2005-06ರಲ್ಲಿ ಆರಂಭವಾದ ರಾಷ್ಟ್ರೀಯ ತೋಟಗಾರಿಕೆ ಮಿಷನ್ 2014-15ರಲ್ಲಿ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ನಿನೊಳಗೆ ಸೇರಿತು. ಅದರ 2014ರ ನಿಯಮದಂತೆ ಬಹುವಾರ್ಷಿಕ ಬೆಳೆಯ ಸಹಾಯಧನವು 60:20:20ರ ಪ್ರಮಾಣದಲ್ಲಿ ಮೂರು ವರ್ಷಗಳಿಗೆ ಹಂಚಿಕೆಯಾಗುತ್ತಿತ್ತು. ಎರಡನೆಯ ವರ್ಷಕ್ಕೆ ನೂರರಲ್ಲಿ 75, ಮೂರನೆಯ ವರ್ಷಕ್ಕೆ 90 ಗಿಡಗಳು ಉಳಿದಿರಬೇಕಿತ್ತು. 2020ರ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಬೀದರ್ ಜಿಲ್ಲೆಗೆ ಗೊತ್ತುಪಡಿಸಿದ ಬೆಳೆ ಶುಂಠಿ. ಅಲ್ಲಿ ಸಾಲಕ್ಕೆ ಜೋಡಿಸಿದ ಶೇ. 35ರ ಸಹಾಯಧನಕ್ಕೆ 10 ಲಕ್ಷ ರೂಪಾಯಿಯ ಮಿತಿಯಿದೆ. ಅದು ಸಲ್ಲುವುದು ಸಂಸ್ಕರಣಾ ಘಟಕಕ್ಕೆ, ಶುಂಠಿಯ ಮಡಿಗಲ್ಲ. ಬೆಳೆಯ ಹೆಸರಿನ ದತ್ತಿ ಬೆಳೆದವನಿಂದ ಒಂದು ಹೆಜ್ಜೆ ಆಚೆಗೆ ನಿಲ್ಲುವುದು ವಿಜ್ಞಾನೇಶ್ವರನಿಗೆ ಅಪರಿಚಿತವೆನಿಸುತ್ತಿರಲಿಲ್ಲ.

ಬರಹದ ಪ್ರಶ್ನೆಯೂ ಹಾಗೆಯೇ ಉಳಿದಿದೆ. ಅಂದು ಕಲ್ಲು, ತಾಮ್ರಪಟ, ಇಂದು ಪಹಣಿ. ಸಹಾಯಧನದ ಅರ್ಜಿಗೆ ಪಹಣಿಯಲ್ಲಿ ಹೆಸರಿರಬೇಕು. ಭೂಸುಧಾರಣಾ ಕಾಯಿದೆಗೆ 1974ರಲ್ಲಿ ಆದ ತಿದ್ದುಪಡಿಯು ಗೇಣಿಯನ್ನು ನಿಷೇಧಿಸಿ, ಅಂದಿನ ಅಸಂಖ್ಯ ಗೇಣಿದಾರರನ್ನು ಒಡೆಯರನ್ನಾಗಿಸಿತು. ಅದರ ಹಿರಿಮೆ ಸಣ್ಣದಲ್ಲ. ಆದರೆ ಆ ಬಳಿಕ ಪಾಲಿಗೆ, ಲಾವಣಿಗೆ ಹೊಲ ಹಿಡಿದವನ ಒಪ್ಪಂದ ಬಾಯಿಮಾತಿನದಾಯಿತು. ಶುಂಠಿಯಂತಹ ಬೆಳೆಗೆ ಬಿತ್ತನೆ ಗಡ್ಡೆಯ ಖರ್ಚೇ ದೊಡ್ಡದು. ಆ ಸಾಲ ಹೊರುವವನು ಅವನು, ಪಹಣಿಯ ಕಲಮಿನಲ್ಲಿರುವ ಹೆಸರು ಹೊಲದ ಒಡೆಯನದು.